ಮೊದಲ ಅರ್ಧ ಗಂಟೆ ಸಿಸ್ಟರ್‌ದು, ಅಧಿಕಾರ ಯಾರದು?

ಹಳ್ಳಿ ಕಡೆ ರಾತ್ರಿ ಹೊತ್ತು ಹಾವು ಕಡಿದವರನ್ನೋ, ಬೆಳೆಗೆ ಹೊಡೆಯುವ ಔಷಧಿ ಕುಡಿದವರನ್ನೋ ಆಸ್ಪತ್ರೆಗೆ ಕರೆತಂದರೆ ಮೊದಲು ಎದ್ದು ಬರುವುದು ಸಿಸ್ಟರ್. ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಆ ಹೊತ್ತಿಗೆ ಇಡೀ ಕಟ್ಟಡದಲ್ಲಿ ಅವರೊಬ್ಬರೇ ಇರುವುದು ಸಾಮಾನ್ಯ. ಜೊತೆಗೊಬ್ಬ ಡಿ ಗ್ರೂಪ್ ನೌಕರ ಇದ್ದರೆ ಪುಣ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಇರುತ್ತಾರೆ, ಆದರೆ ಹೆಚ್ಚಾಗಿ ಒಬ್ಬರೇ. ಅವರು ಹೆರಿಗೆ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರೆ ಕ್ಯಾಶುವಾಲ್ಟಿಯಲ್ಲಿ ಮತ್ತೆ ಸಿಸ್ಟರೇ ಗತಿ. ಈಗೀಗ ಗಂಡಸರೂ ಈ ಕೆಲಸದಲ್ಲಿ ಸಾಕಷ್ಟಿದ್ದಾರೆ, ಅವರನ್ನು ಜನ ಬ್ರದರ್ ಅಂತಾರೆ. ಸರ್ಕಾರಿ ಕಾಗದದಲ್ಲಿ ಇಬ್ಬರೂ ಈಗ ಶುಶ್ರೂಷಾಧಿಕಾರಿಗಳು.

ಹಳ್ಳಿ ಆಸ್ಪತ್ರೆ ಎಂದ ಕೂಡಲೇ ನಾವೆಲ್ಲ ‘ಡಾಕ್ಟರೇ ಇರಲ್ಲ’ ಎಂದು ದೂರುತ್ತೇವೆ. ದೂರು ಸುಳ್ಳಲ್ಲ. ಕೇಂದ್ರ ಸರ್ಕಾರದ 2021-22ರ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ತಜ್ಞ ವೈದ್ಯರ ಕೊರತೆ ಸುಮಾರು ಶೇ. 80. ಆ ಕೊರತೆ ನಾಳೆ ನಾಡಿದ್ದರಲ್ಲಿ ತುಂಬುವುದಿಲ್ಲ. ಹಾಗಾದರೆ ಅಲ್ಲಿ ಈಗಾಗಲೇ ಇರುವ ನರ್ಸ್‌ಗೆ ನಾವು ಏನೇನು ಮಾಡಲು ಬಿಟ್ಟಿದ್ದೇವೆ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನಗೆ ಕಾಣುವಂತೆ ಗಂಟು ಇರುವುದೇ ಇಲ್ಲಿ. ತುರ್ತು ಕೇಸಿನ ಮೊದಲ ಅರ್ಧ ಗಂಟೆಯ ಕೆಲಸವನ್ನು ನರ್ಸ್‌ಗಳು ಮಾಡುತ್ತಲೇ ಇದ್ದಾರೆ. ಕಾಗದದ ಮೇಲೆ ಮಾತ್ರ ಅದು ಅವರ ಕೆಲಸ ಅಲ್ಲ.

ಪಾಯ್ಸನ್ ಕೇಸು, ಹಾವಿನ ಕೇಸು

ಈ ಕೆಲಸ ಎಂದರೆ ಏನು ಅಂತ ಸ್ವಲ್ಪ ಬಿಡಿಸಿ ನೋಡಬೇಕು. ‘ಇಂಜೆಕ್ಷನ್ ಕೊಡೋದು, ಡ್ರಿಪ್ ಹಾಕೋದು’ ಎಂದುಕೊಂಡರೆ ಮುಂದಿನದು ಅರ್ಥವಾಗುವುದಿಲ್ಲ.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಹೊಟ್ಟೆಗೆ ಹೋದವರನ್ನು ತೆಗೆದುಕೊಳ್ಳಿ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ. ಎದೆಯೊಳಗೆ ನೀರು ತುಂಬಿ ಉಸಿರು ಗೊರಗೊರ ಅನ್ನುತ್ತಿರುತ್ತದೆ. ಇದಕ್ಕೆ ಅಟ್ರೋಪಿನ್ ಕೊಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪೂಲ್‌ನಲ್ಲಿ ಇರುವುದು 0.6 ಮಿಲಿಗ್ರಾಂ. ದೊಡ್ಡವರಿಗೆ ಮೊದಲ ಸಲಕ್ಕೇ ಮೂರರಿಂದ ಐದು ಆಂಪೂಲ್ ಬೇಕು. ಐದು ನಿಮಿಷ ಕಾದು ಎದೆ ತಿಳಿಯಾಗದಿದ್ದರೆ, ನಾಡಿ ಏರದಿದ್ದರೆ ಅದರ ಎರಡರಷ್ಟು. ಮತ್ತೆ ಐದು ನಿಮಿಷಕ್ಕೆ ಮತ್ತೂ ಎರಡರಷ್ಟು. ಐದು, ಹತ್ತು, ಇಪ್ಪತ್ತು ಅಂತ ಕೂಡಿಸಿ ನೋಡಿ. ಮೊದಲ ಕಾಲು ಗಂಟೆಯಲ್ಲೇ 35 ಗಾಜಿನ ಆಂಪೂಲ್ ಕತ್ತು ಮುರಿದು ಸಿರಿಂಜ್‌ಗೆ ಎಳೆಯಬೇಕಾಗಬಹುದು. ಅದೇ ಹೊತ್ತಿಗೆ ಯಾರೋ ನೊರೆ ಎಳೆಯಬೇಕು, ವಿಷ ಚೆಲ್ಲಿದ ಬಟ್ಟೆ ಬಿಚ್ಚಿಸಿ ಮೈಗೆ ಸೋಪು ಹಾಕಿ ತೊಳೆಯಬೇಕು, ಆಮ್ಲಜನಕ ಕೊಡಬೇಕು, ಬಿಪಿ ನೋಡಬೇಕು. ‘ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ತೀವಿ’ ಎಂದು ಮುಂದೆ ಬರುವ ನೆಂಟರನ್ನು ತಡೆಯಬೇಕು. ಈ ಎಲ್ಲ ‘ಯಾರೋ’ಗಳೂ ಆ ಒಬ್ಬ ಸಿಸ್ಟರೇ.

ಜೀವ ಉಳಿಯಿತು ಅಂದುಕೊಳ್ಳಿ. ಅಲ್ಲಿಂದ ಕಣ್ಣಿಟ್ಟು ಕಾಯುವ ಕೆಲಸ. ಅಟ್ರೋಪಿನ್ ಕಡಿಮೆಯಾದರೆ ಎದೆ ಮತ್ತೆ ತುಂಬುತ್ತದೆ, ಜಾಸ್ತಿಯಾದರೆ ಜ್ವರ ಏರಿ, ಹೊಟ್ಟೆ ಉಬ್ಬಿ, ರೋಗಿ ಬಡಬಡಿಸುತ್ತಾ ಡ್ರಿಪ್ ಕಿತ್ತೆಸೆಯುತ್ತಾನೆ. ಅದನ್ನು ‘ಗಲಾಟೆ ಮಾಡ್ತಿದಾನೆ’ ಎಂದು ಓದುವುದಕ್ಕೂ ‘ಔಷಧಿ ಜಾಸ್ತಿಯಾಗಿದೆ’ ಎಂದು ಓದುವುದಕ್ಕೂ ಬಹಳ ವ್ಯತ್ಯಾಸ. ಎರಡು ಮೂರು ದಿನ ಕಳೆದು, ಎಲ್ಲ ಸರಿ ಹೋಯಿತು ಅನ್ನುವಾಗ ಕೆಲವರ ಸ್ನಾಯುಗಳು ಸೋಲತೊಡಗುತ್ತವೆ. ಅದನ್ನು ಹಿಡಿಯಲು ಯಂತ್ರ ಬೇಡ. ‘ತಲೆದಿಂಬಿನಿಂದ ತಲೆ ಎತ್ತಿ ನೋಡೋಣ’ ಎಂದು ಹೇಳಬೇಕು, ಅಷ್ಟೇ. ಎತ್ತಲು ಆಗದಿದ್ದರೆ ಉಸಿರೂ ಸೋಲುವ ಹೊತ್ತು ದೂರವಿಲ್ಲ. ವಾರ್ಡಿನಲ್ಲಿ ಈ ಮಾತು ಕೇಳಬೇಕೆಂದು ಗೊತ್ತಿರುವ ನರ್ಸ್ ಇದ್ದರೆ ರೋಗಿ ವೆಂಟಿಲೇಟರ್ ಇರುವ ಕಡೆಗೆ ಸಮಯಕ್ಕೆ ಹೋಗುತ್ತಾನೆ.

ಹಾವಿನ ಕೇಸಿನಲ್ಲೂ ಹೀಗೆಯೇ. 2000ದಿಂದ 2019ರವರೆಗಿನ ಸಾವುಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸಾಯುತ್ತಾರೆ ಎಂದಿತು. ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ವರದಿ ಮಾಡುವುದರಿಂದ ರೋಗಿ ಬದುಕುವುದಿಲ್ಲವಲ್ಲ. ಬದುಕಿಸುವುದು ವಿಷನಿರೋಧಕ ಮದ್ದು, ಅಂದರೆ ಎಎಸ್‌ವಿ. ಅದನ್ನು ಕೊಡಬೇಕೋ ಬೇಡವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಎರಡು ಮಿಲಿಲೀಟರ್ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುವುದು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿರದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದರ್ಥ. ಕೇಳಲು ಎಷ್ಟು ಸುಲಭ! ಆದರೆ ಪ್ಲಾಸ್ಟಿಕ್ ನಳಿಕೆ ಬಳಸಿದರೆ, ಅಥವಾ ಗಾಜಿನದನ್ನೇ ಸೋಪುಪುಡಿಯಲ್ಲಿ ತೊಳೆದಿದ್ದರೆ ಫಲಿತಾಂಶ ತಪ್ಪುತ್ತದೆ. ಎಷ್ಟೋ ಆಸ್ಪತ್ರೆಗಳ ಸ್ಟೋರಿನಲ್ಲಿ ಈಗ ಪ್ಲಾಸ್ಟಿಕ್ ಬಿಟ್ಟರೆ ಬೇರೆ ನಳಿಕೆ ಇರುವುದಿಲ್ಲ. ಕೆಲವೇ ರೂಪಾಯಿಯ ಗಾಜಿನ ನಳಿಕೆಯ ಇಂಡೆಂಟ್ ಹಾಕುವುದು ಯಾರ ತಲೆಗೂ ಹೊಳೆದಿರುವುದಿಲ್ಲ.

ಕಟ್ಟುಹಾವು ಇನ್ನೂ ಮೋಸದ್ದು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು ಅಷ್ಟಾಗಿ ಇರದು, ಹಲ್ಲಿನ ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ‘ಹೊಟ್ಟೆನೋವು’ ಎಂದು ಬರುತ್ತಾರೆ. ಒಂದು ಗ್ಯಾಸ್ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಮುಗಿಯಿತು ಕಥೆ. ಕಣ್ಣಿನ ರೆಪ್ಪೆ ಜೋತು ಬಿದ್ದಿದೆಯಾ, ಮಾತು ತೊದಲುತ್ತಿದೆಯಾ, ರಾತ್ರಿ ನೆಲದ ಮೇಲೆ ಮಲಗಿದ್ದರಾ ಎಂದು ನೋಡಿ ಕೇಳುವ ಅಭ್ಯಾಸ ಬಾಗಿಲಲ್ಲಿರುವ ನರ್ಸ್‌ಗೆ ಇರಬೇಕು.

ಎಎಸ್‌ವಿ ಕೊಡಲು ಹೆದರಿಕೆ ಇನ್ನೊಂದು ತೊಡಕು. ಹತ್ತು ಬಾಟಲಿ ಪುಡಿಯನ್ನು ಒಂದೊಂದಾಗಿ ಕರಗಿಸಬೇಕು. ಕುಲುಕಿದರೆ ನೊರೆಯಾಗುತ್ತದೆ, ಮೆಲ್ಲಗೆ ತಿರುಗಿಸಬೇಕು. ಡ್ರಿಪ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಕೊಡಬೇಕು. ಕೊಡುವಾಗ ಕೆಲವರಿಗೆ ಮೈಮೇಲೆ ದದ್ದು, ಉಬ್ಬಸ, ಬಿಪಿ ಕುಸಿತ ಆಗಿಬಿಡುತ್ತದೆ. ಆಗ ತೊಡೆಗೆ ಅರ್ಧ ಮಿಲಿಲೀಟರ್ ಅಡ್ರಿನಲಿನ್ ಕೊಡಬೇಕು. ಹುಡುಕಿ ತರುವಷ್ಟು ಹೊತ್ತಿಲ್ಲ, ಮೊದಲೇ ಸಿರಿಂಜ್‌ಗೆ ಎಳೆದು ಪಕ್ಕದಲ್ಲಿ ಇಟ್ಟಿರಬೇಕು. ಇದಕ್ಕೆ ಹೆದರಿ ಎಷ್ಟೋ ಕಡೆ ಮದ್ದು ಫ್ರಿಜ್‌ನಲ್ಲೇ ಇದ್ದರೂ ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆಯುತ್ತಾರೆ. ದಾರಿಯಲ್ಲಿ ಕಳೆಯುವ ಒಂದೂವರೆ ಗಂಟೆ ವಿಷದ ಪಾಲು.

ಬಿಟ್ಟು ಕೊಟ್ಟಿರುವುದು ಒಂದೇ ಕಡೆ

ಈಗ ಅಧಿಕಾರದ ಮಾತಿಗೆ ಬರೋಣ. ನಮ್ಮ ವ್ಯವಸ್ಥೆಯಲ್ಲಿ ಡಾಕ್ಟರ್ ಬರೆಯಬೇಕು, ನರ್ಸ್ ಕೊಡಬೇಕು. ರಾತ್ರಿ ಎರಡು ಗಂಟೆಗೆ ಡಾಕ್ಟರ್ ಬೇರೆಡೆ ಇದ್ದರೆ ಫೋನ್ ಆರ್ಡರ್. ‘ಸಾರ್, ಹಾವಿನ ಕೇಸು, ಟೆಸ್ಟ್ ಪಾಸಿಟಿವ್’ ಅಂದರೆ ಆ ಕಡೆಯಿಂದ ‘ಹಾಕಿ ಸಿಸ್ಟರ್, ಬರ್ತೀನಿ’. ಬೆಳಿಗ್ಗೆ ಬಂದು ಕೇಸ್ ಶೀಟಿಗೆ ಸಹಿ. ಎಲ್ಲ ಸರಿಯಾದರೆ ಯಾರೂ ಕೇಳುವುದಿಲ್ಲ. ರೋಗಿ ತೀರಿಕೊಂಡರೆ ಆ ಫೋನ್ ಮಾತಿಗೆ ದಾಖಲೆ ಇರುವುದಿಲ್ಲ, ಇಂಜೆಕ್ಷನ್ ಕೊಟ್ಟ ಕೈಗೆ ಮಾತ್ರ ಇರುತ್ತದೆ.

ತುರ್ತು ಕೇಸುಗಳಲ್ಲಿ ಒಂದು ಕಡೆ ಮಾತ್ರ ಸರ್ಕಾರ ಧೈರ್ಯ ಮಾಡಿದೆ. ಅದು ಹೆರಿಗೆ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸನ್ನು ನರ್ಸ್ ಅಥವಾ ಎಎನ್‌ಎಂ (ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿ) ತಾವೇ ಕೊಡಬಹುದು ಎಂದು ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿ ಬಿಡಿಸಿ ಹೇಳುತ್ತದೆ. ಒಂದು ಗ್ರಾಂನ ಹತ್ತು ಆಂಪೂಲ್, ಎರಡೂ ಪಿರ್ರೆಗೆ ಐದೈದು ಗ್ರಾಂ, ಆಮೇಲೆ ದೊಡ್ಡ ಆಸ್ಪತ್ರೆಗೆ. ಹೆರಿಗೆಯಾದ ಮೇಲೆ ರಕ್ತ ಹೋಗುತ್ತಿದ್ದರೆ ಆಕ್ಸಿಟೋಸಿನ್ ಕೊಡಬಹುದು. ಡಾಕ್ಟರಿಗೆ ಕಾಯಬೇಕಾಗಿಲ್ಲ. ಲೇಬರ್ ರೂಮಿನ ಗೋಡೆಯ ಮೇಲೆ ಇದರ ಪಟ್ಟಿಯೇ ಅಂಟಿಸಿರುತ್ತದೆ. ಗಮನಿಸಿ, ಮೆಗ್ನೀಸಿಯಂ ಏನೂ ಸಾಧು ಔಷಧಿಯಲ್ಲ, ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ. ಅದನ್ನು ಕೊಡಲು ನಂಬಿಕೆ ಇಟ್ಟವರು ಅಟ್ರೋಪಿನ್‌ಗೆ, ಅಡ್ರಿನಲಿನ್‌ಗೆ ಯಾಕೆ ಹಿಂದೆಗೆಯಬೇಕು? ಗರ್ಭಿಣಿಯ ಸಾವನ್ನು ಸರ್ಕಾರ ಲೆಕ್ಕ ಇಡುತ್ತದೆ, ಪ್ರತಿ ಸಾವಿಗೂ ವಿಚಾರಣೆ ಇರುತ್ತದೆ. ವಿಷ ಕುಡಿದ ರೈತನ ಸಾವಿಗೆ ಪೊಲೀಸ್ ಮಹಜರು ಇರುತ್ತದೆ, ಆದರೆ ಚಿಕಿತ್ಸೆಯಲ್ಲಿ ಎಲ್ಲಿ ತಡವಾಯಿತು ಎಂದು ಕೇಳುವವರಿಲ್ಲ. ಉತ್ತರ ಅದರಲ್ಲೇ ಇದೆ ಅನ್ನಿಸುತ್ತದೆ.

ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರಗೂ ಸಾಕ್ಷಿ ಇದೆ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ‘ಇ-ಮೋಟಿವ್’ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಮಾಡಿದ್ದು ಇಷ್ಟೇ. ಹೆರಿಗೆಯ ಹೊತ್ತಿಗೆ ಕೆಳಗೆ ಅಳತೆ ಗೆರೆಯಿರುವ ಪ್ಲಾಸ್ಟಿಕ್ ಚೀಲ ಹಾಸುವುದು, ರಕ್ತ ಗೆರೆ ದಾಟಿದ ಕೂಡಲೇ ಒಂದೊಂದಾಗಿ ಕಾಯದೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡುವುದು. ವಿಪರೀತ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾದ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು, ಮೂರನ್ನೂ ಸೇರಿಸಿ ನೋಡಿದಾಗ ಶೇ. 60ರಷ್ಟು ಇಳಿಕೆ. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ರಕ್ತಸ್ರಾವವನ್ನು ಗುರುತಿಸಿದ್ದು ಸುಮಾರು ಅರ್ಧದಷ್ಟು ಕೇಸಿನಲ್ಲಿ, ಹೊಸ ಪದ್ಧತಿಯಲ್ಲಿ ಶೇ. 93ರಷ್ಟರಲ್ಲಿ. ಔಷಧಿಗಳು ಹಳೆಯವೇ. ಬದಲಾದದ್ದು ಯಾವಾಗ ಶುರು ಮಾಡಬೇಕೆಂಬ ಗೆರೆ, ಶುರು ಮಾಡಲು ಸಿಕ್ಕ ಅನುಮತಿ.

ನಮ್ಮಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದರೆ ಜಯದೇವದಂಥ ಕೇಂದ್ರದಿಂದ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹೃದಯಾಘಾತವೇ ಎಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಅಲ್ಲೇ ಕೊಡುತ್ತಾರೆ, ಉಚಿತವಾಗಿ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಅದು. ಇಲ್ಲಿ ಎದೆನೋವು ಅಂದವರನ್ನು ಚೀಟಿಯ ಸಾಲಿನಿಂದ ಎಬ್ಬಿಸಿ ಇಸಿಜಿ ಮೇಜಿಗೆ ಮಲಗಿಸುವುದು ಬಹುಮಟ್ಟಿಗೆ ನರ್ಸ್. ತೂಕ ನೋಡಿ ಡೋಸ್ ಎಳೆಯುವುದೂ ಅವರೇ. ನಿರ್ಧಾರ ಮಾತ್ರ ದೂರದ ತಜ್ಞರದು, ಅದಕ್ಕೆ ದಾಖಲೆಯೂ ಇರುತ್ತದೆ. ಹಾವಿನ ಕೇಸಿಗೆ, ಪಾಯ್ಸನ್ ಕೇಸಿಗೆ ಇದೇ ದಾರಿ ಯಾಕಾಗಬಾರದು? ಇಸಿಜಿ ಬದಲು ಗಾಜಿನ ನಳಿಕೆಯ ಫೋಟೋ ಕಳಿಸಿದರೆ ಸಾಕು, ಅಲ್ವಾ?

ಇದರ ಮಧ್ಯೆ ಕಾನೂನು ಇನ್ನೊಂದು ಪೆಟ್ಟು ಕೊಟ್ಟಿದೆ. ಇದು ಅಷ್ಟಾಗಿ ಚರ್ಚೆಯಾಗಿಲ್ಲ. ಹಳೆಯ ಐಪಿಸಿಯಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಯಾರಿಗಾದರೂ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಅದನ್ನು ಐದು ವರ್ಷಕ್ಕೆ ಏರಿಸಿತು. ಡಾಕ್ಟರ್‌ಗಳು ಆತಂಕ ತೋಡಿಕೊಂಡರು, ಅವರಿಗೆ ಎರಡು ವರ್ಷದ ಮಿತಿಯನ್ನೇ ಉಳಿಸಲಾಯಿತು. ಆದರೆ ಆ ರಿಯಾಯಿತಿ ವೈದ್ಯರ ನೋಂದಣಿ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಎಂದು ಕಲಂನ ವಿವರಣೆಯೇ ಹೇಳುತ್ತದೆ. ನರ್ಸ್‌ಗಳ ನೋಂದಣಿ ಬೇರೆ. ಅಂದರೆ ಒಂದೇ ಮಂಚದ ಪಕ್ಕ ನಿಂತು, ಒಂದೇ ಕೇಸಿನಲ್ಲಿ ತಪ್ಪಾದರೆ ಆರ್ಡರ್ ಕೊಟ್ಟವರಿಗೆ ಎರಡು ವರ್ಷ, ಆರ್ಡರ್ ಪಾಲಿಸಿದವರಿಗೆ ಐದು ವರ್ಷದವರೆಗೆ ಆಗಬಹುದು. ಹೀಗಿರುವಾಗ ‘ರೆಫರ್’ ಎಂದು ಬರೆಯುವ ನರ್ಸ್ ಅನ್ನು ಹೇಡಿ ಅನ್ನುವುದು ಅನ್ಯಾಯ.

ಒಬ್ಬರೇ ಇದ್ದರೆ

ರೆಫರ್ ಮಾಡುವುದೂ ಸುಮ್ನೆ ಆಗುವ ಕೆಲಸವಲ್ಲ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಶುರುವಾದ ಮೇಲೆ ಗಾಡಿ ಸಿಗುವುದು ಎಷ್ಟೋ ಸುಧಾರಿಸಿದೆ. ಆದರೆ ಉಸಿರು ಸೋಲುತ್ತಿರುವ ರೋಗಿಗೆ ದಾರಿಯುದ್ದಕ್ಕೂ ಆಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಒತ್ತುತ್ತಾ ಹೋಗಬೇಕು. ಗಾಡಿಯಲ್ಲಿರುವ ಸಿಬ್ಬಂದಿ ಒಬ್ಬರೇ. ಅವರು ಬ್ಯಾಗ್ ಒತ್ತಿದರೆ ನೊರೆ ಎಳೆಯುವವರು ಯಾರು? ಆಸ್ಪತ್ರೆಯ ಸಿಸ್ಟರ್ ಜೊತೆಗೆ ಹೋದರೆ ವಾರ್ಡಿನಲ್ಲಿ ಇರುವ ಬಾಣಂತಿಗೆ ಯಾರು ದಿಕ್ಕು? ಹೀಗೆ ಯೋಚಿಸಿ ಕೊನೆಗೆ ರೋಗಿಯ ತಮ್ಮನ ಕೈಗೇ ಬ್ಯಾಗ್ ಕೊಟ್ಟು ಒತ್ತುವುದನ್ನು ಹೇಳಿಕೊಟ್ಟು ಕಳಿಸುವುದೂ ಉಂಟು. ಚೀಟಿಯಲ್ಲಿ ಏನು ಕೊಟ್ಟೆವು, ಎಷ್ಟು ಗಂಟೆಗೆ ಕೊಟ್ಟೆವು ಎಂದು ಬರೆಯದಿದ್ದರೆ ಮುಂದಿನ ಆಸ್ಪತ್ರೆಯಲ್ಲಿ ಎಲ್ಲ ಮೊದಲಿನಿಂದ ಶುರು.

ತುರ್ತು ವಿಭಾಗದಲ್ಲಿ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವುದಕ್ಕೆ ಟ್ರಯಾಜ್ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದವರು ಇದಕ್ಕೊಂದು ಸರಳ ಅಂಕ ಪದ್ಧತಿ ಮಾಡಿಕೊಂಡಿದ್ದಾರೆ. ಉಸಿರು, ನಾಡಿ, ಬಿಪಿ, ಜ್ವರ, ನಡೆಯುತ್ತಾರಾ, ಎಚ್ಚರ ಇದ್ದಾರಾ ಎಂದು ನರ್ಸ್ ನೋಡಿ ಅಂಕ ಕೂಡಿಸಿ ಬಣ್ಣದ ಗುರುತು ಕೊಡುತ್ತಾರೆ. ಕೆಂಪಾದರೆ ಈಗಲೇ, ಹಸಿರಾದರೆ ಕಾಯಬಹುದು. ಡಾಕ್ಟರ್ ಕಡಿಮೆ ಇರುವ ಕಡೆಗೆಂದೇ ಮಾಡಿದ್ದು. ನಮ್ಮಲ್ಲಿ ಎಷ್ಟೋ ಕಡೆ ಮೊದಲು ಚೀಟಿ ಮಾಡಿಸಿಕೊಂಡು ಬನ್ನಿ ಎನ್ನುವುದೇ ಟ್ರಯಾಜ್.

ಒಂಟಿತನಕ್ಕೆ ಇನ್ನೊಂದು ಮುಖವೂ ಇದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಕೊಲೆಯಾದ ಮೇಲೆ ದೇಶವೆಲ್ಲ ಆಸ್ಪತ್ರೆಯ ಭದ್ರತೆಯ ಬಗ್ಗೆ ಮಾತಾಡಿತು. ಹಲ್ದೀಪುರದ ಹುಡುಗಿ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ದಾಳಿಗೆ ಸಿಕ್ಕಿದ್ದು 1973ರಲ್ಲಿ. 2015ರವರೆಗೆ ಅದೇ ಆಸ್ಪತ್ರೆಯ ಮಂಚದ ಮೇಲೆ ಉಳಿದರು. ಇವೆರಡೂ ಮಹಾನಗರದ ದೊಡ್ಡ ಆಸ್ಪತ್ರೆಗಳು. ಊರ ಹೊರಗಿನ ಆರೋಗ್ಯ ಕೇಂದ್ರದಲ್ಲಿ, ಕಾಂಪೌಂಡ್ ಲೈಟೂ ಉರಿಯದ ಕಡೆ ರಾತ್ರಿ ಪಾಳಿ ಮಾಡುವವರ ಸ್ಥಿತಿ ಊಹಿಸಿ. ಕುಡಿದು ಬರುವ ಜಗಳದ ಗುಂಪೂ ಅದೇ ಬಾಗಿಲಿಗೆ ಬರುತ್ತದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಆದರೆ ಅದು ಕೆಲಸಕ್ಕೆ ಬರುವುದು ಹಲ್ಲೆಯಾದ ಮೇಲೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ 2016ರಲ್ಲಿ ಗೇಲ್ ವುಡ್‌ಫರ್ಡ್ ಎಂಬ ನರ್ಸ್ ಕೊಲೆಯಾದಾಗ ದಕ್ಷಿಣ ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. ದೂರದ ಊರುಗಳಲ್ಲಿ ಪಾಳಿ ಮುಗಿದ ಮೇಲೆ ತುರ್ತು ಕರೆಗೆ ಹೋಗುವ ಆರೋಗ್ಯ ಸಿಬ್ಬಂದಿಯ ಜೊತೆಗೆ ಇನ್ನೊಬ್ಬರು ಇರಲೇಬೇಕು ಎಂದು ಅವರ ಹೆಸರಿನಲ್ಲೇ ಕಾನೂನು ಮಾಡಿತು. ನಮಗೂ ಬೇಕಾಗಿರುವುದು ಈ ಎರಡನೆಯ ಜೀವ. ಭದ್ರತೆಗೂ ಅದೇ, ಆಂಪೂಲ್ ಒಡೆಯುವುದಕ್ಕೂ ಅದೇ, ಆಂಬುಲೆನ್ಸ್ ಹತ್ತುವುದಕ್ಕೂ ಅದೇ. ಹೊಸ ಯಂತ್ರ ಕೊಳ್ಳುವ ಮೊದಲು ರಾತ್ರಿ ಪಾಳಿಗೆ ಇಬ್ಬರು ನರ್ಸ್ ಎಂಬ ನಿಯಮ ಬರಲಿ ಎಂಬುದು ನನ್ನ ವಾದ. ದುಬಾರಿ ಹೌದು, ಸಂಬಳ ವರ್ಷವರ್ಷವೂ ಕೊಡಬೇಕು. ಯಂತ್ರವಾದರೆ ಒಂದೇ ಸಲ ಕೊಂಡು ಉದ್ಘಾಟನೆ ಮಾಡಬಹುದು.

ತರಬೇತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ತುರ್ತು ಜೀವರಕ್ಷಣೆಯ ಕೋರ್ಸಿನಲ್ಲಿ ನರ್ಸ್‌ಗಳಿಗೂ ಪಾಠಗಳಿವೆ. ತುರ್ತು ನರ್ಸಿಂಗ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. 1947ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ನರ್ಸ್‌ಗಳ ಕೆಲಸದ ವ್ಯಾಪ್ತಿಯನ್ನು ಹಿಗ್ಗಿಸುವ ಮಾತೆತ್ತಲು ಇದು ಒಳ್ಳೆಯ ಹೊತ್ತು. ಬಿಎಸ್ಸಿ ನರ್ಸಿಂಗ್ ಮಾಡಿದವರನ್ನು ಸಮುದಾಯ ಆರೋಗ್ಯಾಧಿಕಾರಿ ಎಂದು ಉಪಕೇಂದ್ರಗಳಿಗೆ ಕಳಿಸಿ, ಬಿಪಿ ಸಕ್ಕರೆ ಮಾತ್ರೆ ಕೊಡುವ ಕೆಲಸ ಒಪ್ಪಿಸಿದ್ದಾಗಿದೆ. ಲಿಖಿತ ನಿಯಮದ ಮೇಲೆ ನರ್ಸ್‌ಗೆ ಔಷಧಿ ಒಪ್ಪಿಸುವುದು ಈ ದೇಶಕ್ಕೆ ಹೊಸದೇನಲ್ಲ ಎಂದ ಹಾಗಾಯಿತು.

ನಿಲ್ಲುವುದು ಎಲ್ಲಿ ಅಂದರೆ, ಕಲಿತವರು ಕಲಿತ ಜಾಗದಲ್ಲಿ ಉಳಿಯುವುದಿಲ್ಲ. ಗುತ್ತಿಗೆಯ ಮೇಲೆ ಇರುವವರು ಒಳ್ಳೆಯ ಕೆಲಸ ಸಿಕ್ಕರೆ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೊರಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕಾಯಂ ಇರುವವರು ಪಾಳಿಯ ಪಟ್ಟಿಯಲ್ಲಿ ವಾರ್ಡಿಂದ ವಾರ್ಡಿಗೆ ತಿರುಗುತ್ತಾರೆ. ಕ್ಯಾಶುವಾಲ್ಟಿಯಲ್ಲಿ ಕೈ ಕುದುರಿದವರು ಮೂರು ತಿಂಗಳಾಗುವಷ್ಟರಲ್ಲಿ ಕಣ್ಣಿನ ವಾರ್ಡಿನಲ್ಲಿರುತ್ತಾರೆ, ಅಲ್ಲಿದ್ದವರು ಇಲ್ಲಿಗೆ ಬಂದು ಅಡ್ರಿನಲಿನ್ ಎಲ್ಲಿದೆ ಎಂದು ಹುಡುಕುತ್ತಾರೆ. ಗುತ್ತಿಗೆಯ ಸಮಸ್ಯೆಗೆ ವಿಧಾನಸೌಧದಲ್ಲಿ ಉತ್ತರ ಸಿಗಬೇಕು. ಪಾಳಿ ಪಟ್ಟಿಯನ್ನು ಬದಲಿಸಲು ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯ ಸಹಿ ಸಾಕು. ಅಟ್ರೋಪಿನ್, ಎಎಸ್‌ವಿ, ಅಡ್ರಿನಲಿನ್ ಮೂರಕ್ಕೂ ಒಂದೊಂದು ಪುಟದ ಲಿಖಿತ ಆದೇಶ ಹೊರಡಿಸಲು ಜಿಲ್ಲಾ ಆರೋಗ್ಯಾಧಿಕಾರಿ ಮೊದಲ ಹೆಜ್ಜೆ ಇಡಬಹುದು. ಗಾಜಿನ ನಳಿಕೆಗೆ ಆರೋಗ್ಯ ರಕ್ಷಾ ಸಮಿತಿಯ ಹಣವೇ ಧಾರಾಳ. ಶಾಸಕರು ಆ ಸಮಿತಿಯ ಸಭೆಗೆ ಬಂದಾಗ ಊರಿನವರು ‘ಡಾಕ್ಟರ್ ಯಾವಾಗ ಬರ್ತಾರೆ’ ಎಂದು ಕೇಳುವುದು ರೂಢಿ. ಮುಂದಿನ ಸಲ ‘ರಾತ್ರಿ ಪಾಳಿಗೆ ಎಷ್ಟು ಜನ ಸಿಸ್ಟರ್ ಇದ್ದಾರೆ, ಅವರಿಗೆ ಲಿಖಿತ ಆದೇಶ ಇದೆಯಾ’ ಎಂದೂ ಕೇಳಿ ನೋಡಿ.